ಸಣ್ಣತಿಮ್ಮಯ್ಯನ ಸೊನ್ನೆ

ಹಾಲ್ಕುರಿಕೆಯ ಕಡೆಯವರನ್ನು ಯಾರನ್ನೇ ಕೇಳಿ, ಶ್ರೀರಂಗಯ್ಯನವರು ಒಳ್ಳೆಯ ಮನುಷ್ಯರೆಂದೇ ಹೇಳುತ್ತಾರೆ. ಯಾರ ತೋಟದ ಎಳನೀರನ್ನೂ ಕೇಳದೆ ಕೆಡವಿದವರಲ್ಲ, ಯಾರ ಮದುವೆಯಲ್ಲೂ ಮೊದಲ ಪಂಕ್ತಿಗೆ ನುಗ್ಗಿದವರಲ್ಲ. ಅವರಿಗಿದ್ದ ಕಾಯಿಲೆ ಒಂದೇ. ಯಾರು ಏನೇ ಕೇಳಿದರೂ "ನಂಗೊತ್ತಿಲ್ಲ ಕಣಪ್ಪ" ಎನ್ನುವುದಕ್ಕೆ ಅವರ ನಾಲಿಗೆ ಹೊರಳುತ್ತಿರಲಿಲ್ಲ. ಒಮ್ಮೆ ತಿಪಟೂರಿನಲ್ಲಿ ಹೊರಗಿನವನೊಬ್ಬ ದಾರಿ ಕೇಳಿದಾಗ ಅವನ ಬ್ಯಾಗನ್ನು ತಾವೇ ಹೊತ್ತು, ತುರುವೇಕೆರೆ ಬಸ್ಸು ಹತ್ತಿಸಿ, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು ಬಂದಿದ್ದರು. ಪಾಪ, ಅವನು ಕೇಳಿದ್ದು ತಿಪಟೂರಿನದೇ ರೈಲ್ವೆ ಸ್ಟೇಷನ್ನು.

ಇಂಥವರ ಮಗಳು ಸುಷ್ಮಿತಾ ತಿಪಟೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಆ ವಾರ ಅವಳ ಪಾಲಿಗೆ ಬಂದದ್ದು ಎಂಥದೋ ಕಗ್ಗಂಟಿನ ಪಾಠ. ಹುಡುಗರು ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆಯುತ್ತಾರೆ ಎಂದು ಗೊಣಗಿಕೊಂಡು, ದೊಡ್ಡದಾಗಿ ಬರೆದು ಅಭ್ಯಾಸ ಮಾಡಿಕೊಳ್ಳೋಣವೆಂದು ಒಂದು ಸಂಜೆ ಸೀಮೆಸುಣ್ಣ ಹಿಡಿದು ಮನೆಮುಂದಿನ ಕಣಕ್ಕಿಳಿದಳು. ಕೊಬ್ಬರಿ ಒಣಹಾಕುವ ಸಿಮೆಂಟಿನ ಕಣ ಅದು. ಅಷ್ಟು ದೊಡ್ಡ ಬೋರ್ಡು ಕಾಲೇಜಿನಲ್ಲೂ ಇರಲಿಲ್ಲ.

ಅಲ್ಲಿ ಸಾಲಾಗಿ ಮೂರು ಸೊನ್ನೆ ಸುತ್ತಿದಳು. ಮೂರನೆಯದಕ್ಕೆ ಮಾತ್ರ ಒಳಗೊಂದು ಹೊರಗೊಂದು, ಜೋಡಿ ಗೆರೆ. ಮೊದಲನೆಯದರಿಂದ ನಡುವಿನದಕ್ಕೆ ಒಂದು ಬಾಣ, ನಡುವಿನದರಿಂದ ಮೂರನೆಯದಕ್ಕೆ ಒಂದು, ಮೂರನೆಯದರಿಂದ ವಾಪಸ್ ನಡುವಿನದಕ್ಕೇ ಇನ್ನೊಂದು. ನಡುವಿನ ಸೊನ್ನೆಯ ನೆತ್ತಿಯಿಂದ ಹೊರಟು, ಗಿರಕಿ ಹೊಡೆದು, ಅದರ ನೆತ್ತಿಯ ಮೇಲೇ ಬಂದು ಬೀಳುವ ಮತ್ತೊಂದು. ಇಷ್ಟು ಸಾಲದೆಂದು ಮೊದಲನೆಯ ಸೊನ್ನೆಗೆ ಎಲ್ಲಿಂದಲೂ ಅಲ್ಲದೆ ಬರಿಯ ಗಾಳಿಯಿಂದ ಬಂದು ಚುಚ್ಚುವ ಬಾಣ ಬೇರೆ. ಬಾಣಗಳ ಮೇಲೆ ಎ, ಬಿ ಎಂದು ಬರೆದು, ಸೊಂಟಕ್ಕೆ ಕೈ ಕೊಟ್ಟು ನೋಡಿ, ಅವಳು ಅಡುಗೆಮನೆಗೆ ಹೋದಳು.

ಆಗ ಬಂದವನು ಸಣ್ಣತಿಮ್ಮಯ್ಯ. ಶ್ರೀರಂಗಯ್ಯನವರ ತಂಗಿ ಸಿದ್ದಮ್ಮನ ಗಂಡ, ಪಕ್ಕದ ತೋಟದವನು. ಆ ತೋಟವನ್ನು ಶ್ರೀರಂಗಯ್ಯನವರ ಅಪ್ಪ ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಬಿಟ್ಟುಕೊಟ್ಟಿದ್ದರು. ಆಮೇಲೆ ಭಾವ ಭಾವಮೈದ ಸೇರಿ ಎರಡು ತೋಟದ ಗಡಿಯ ಮೇಲೆ ಒಂದು ಬೋರ್‌ವೆಲ್ ಕೊರೆಸಿದ್ದರು. ಒಂದು ದಿನ ಇವರ ತೋಟಕ್ಕೆ, ಒಂದು ದಿನ ಅವರ ತೋಟಕ್ಕೆ ನೀರು. ಇದಕ್ಕೆ ಒಂದು ಚೂರು ಕಾಗದ ಇರಲಿಲ್ಲ, ಬಾಯಿಮಾತಷ್ಟೇ. ಕಾಗದ ಮಾಡಿಸಿಕೊಳ್ಳಿ ಎಂದು ಹೇಳಿದವರು ಬೇಕಾದಷ್ಟು ಜನ. ಆದರೆ ಬೋರಿಗೆ ಕಾಗದ ಮಾಡಿಸಿಕೊಂಡ ಪಕ್ಕದೂರಿನ ಅಣ್ಣತಮ್ಮಂದಿರು ಈಗ ಒಬ್ಬರ ಮನೆಯ ಮದುವೆಗೆ ಒಬ್ಬರು ಹೋಗುವುದಿಲ್ಲ ಎನ್ನುವುದನ್ನು ಇಬ್ಬರೂ ನೋಡಿದ್ದರು. ಕಾಗದ ಬಂದ ದಿನ ನಂಟು ಹೋಯಿತೆಂದೇ ಇಬ್ಬರ ಲೆಕ್ಕ.

"ಏನ್ ಭಾವ ಇದು, ಕಣದ ತುಂಬ?" ಎಂದ ಸಣ್ಣತಿಮ್ಮಯ್ಯ.

ಮಗಳು ಕೂಗಿದರೆ ಓಗೊಡುವಷ್ಟು ದೂರದಲ್ಲಿದ್ದಳು. ಅವಳನ್ನೇ ಕೇಳಪ್ಪ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕಾಯಿಲೆ ಎಂದರೆ ಕಾಯಿಲೆಯೇ. ಶ್ರೀರಂಗಯ್ಯನವರು ಕಣದ ಕಡೆ ನೋಡಿದರು. ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ನೆಲದ ಮೇಲೆ ಸೊನ್ನೆ ಕಂಡರೆ ಗಿಡದ ಬುಡದ ಪಾತಿಯಲ್ಲದೆ ಇನ್ನೇನು ಕಾಣಬೇಕು? ಪಾತಿಯಿಂದ ಪಾತಿಗೆ ಬಾಣ ಹೋದರೆ ಅದು ನೀರಲ್ಲದೆ ಇನ್ನೇನಾಗಿರಬೇಕು?

"ನೀರಿನ ಪ್ಲಾನು ಕಣೋ. ನಮ್ ಸುಷ್ಮಿತಾ ಮಾಡವ್ಳೆ. ಕಂಪ್ಯೂಟರ್‌ನಾಗೆ ಬಂದಿರೋದು."

"ಯಾವ್ದು ಏನು ಇದ್ರಲ್ಲಿ?"

"ಈ ಮೊದಲ್ನೇ ಸೊನ್ನೆ ನಮ್ ತೋಟ. ಆ ಜೋಡಿ ಗೆರೇದು ಬೋರು. ಒಳಗಿನ ಗೆರೆ ಕೇಸಿಂಗ್ ಪೈಪು, ಹೊರಗಿಂದು ಸುತ್ತ ಕಟ್ಟಿರೋ ಕಟ್ಟೆ."

"ಅದ್ಸರಿ, ಇದ್ಯಾವ್ದು ಗಾಳಿಯಿಂದ ಬತ್ತಾ ಇರೋ ಬಾಣ?"

"ನಾಲೆ ನೀರು. ಇವತ್ತು ಬತ್ತದೆ ನಾಳೆ ಬತ್ತದೆ ಅಂತಾರಲ್ಲ. ಬಂದ್ರೆ ಬರ್ಲಿ ಅಂತ ಮೊದ್ಲೇ ಜಾಗ ಬಿಟ್ಟವ್ಳೆ."

ಸಣ್ಣತಿಮ್ಮಯ್ಯ ದಡ್ಡನಲ್ಲ. ಕುಕ್ಕರುಗಾಲಿನಲ್ಲಿ ಕುಳಿತು ಬಾಣದ ಮೂತಿಯನ್ನು ಬೆರಳಿನಿಂದ ಮುಟ್ಟಿದ. "ಅಲ್ಲ ಭಾವ, ನೀರು ಬೋರಿಂದ ತೋಟಕ್ಕೆ ಬರ್ಬೇಕು. ಇಲ್ಲಿ ತೋಟದಿಂದ ಬೋರಿಗೆ ಹೋಗ್ತಾ ಐತಲ್ಲ?"

ಶ್ರೀರಂಗಯ್ಯನವರು ಒಂದು ಕ್ಷಣ ತಡವರಿಸಿದರು. ಒಂದೇ ಕ್ಷಣ. "ರೀಚಾರ್ಜು," ಎಂದರು.

ಮೊಬೈಲಿಗೆ ರೀಚಾರ್ಜು ಮಾಡಿಸುವುದು ಸಣ್ಣತಿಮ್ಮಯ್ಯನಿಗೆ ಗೊತ್ತಿತ್ತು. ನೀರು ಇಂಗಿಸಿ ಬೋರಿಗೂ ಮಾಡಿಸಬೇಕೆಂದು ಪಂಚಾಯ್ತಿಯವರು ಭಾಷಣ ಮಾಡಿದ್ದು ನೆನಪಾಯಿತು. ತಲೆಯಾಡಿಸಿದ. "ಹಂಗಾರೆ ನಮ್ ತೋಟ ಯಾವ್ದು?"

"ನಡುಗಡೇದು ಕಣೋ. ನೋಡು, ಯಾವ್ ಬಾಣ ಆದ್ರೂ ನಿನ್ ಮೂಲಕವೇ ಹೋಗ್ಬೇಕು. ನಿಂಗೆ ಸಪರೇಟಾಗಿ ಒಂದು ರಿಂಗು ಬೇರೆ ಕೊಟ್ಟವ್ಳೆ ನೆತ್ತಿ ಮ್ಯಾಲೆ."

ಸಣ್ಣತಿಮ್ಮಯ್ಯನ ಮುಖ ಅರಳಿತು. ತನ್ನ ಸೊನ್ನೆಯ ಸುತ್ತ ಒಂದು ಸಲ ನಡೆದು ನೋಡಿದ. ಅದರ ಮೇಲೆ ಬಿದ್ದಿದ್ದ ತೆಂಗಿನ ಗರಿಯನ್ನು ಎತ್ತಿ ಬದಿಗೆ ಹಾಕಿದ. ಮನೆಗೆ ಹೋಗಿ, ಸೊಸೆ ಸುಷ್ಮಿತಾ ನಮ್ಮ ತೋಟವನ್ನು ನಟ್ಟನಡುವೆ ಇಟ್ಟಿದ್ದಾಳೆ ಎಂದು ಹೆಂಡತಿಗೆ ಹೇಳಿ, ಎರಡು ಮುದ್ದೆ ಹೆಚ್ಚಿಗೆ ಉಂಡ.

ಮಾರನೆಯ ಬೆಳಿಗ್ಗೆ ಸುಷ್ಮಿತಾ ಬಸ್ಸಿಗೆ ಹೊರಡುವ ಅವಸರದಲ್ಲೇ ಒದ್ದೆಬಟ್ಟೆ ತಂದು ಕಣದ ನಡುವಿನ ಸೊನ್ನೆಯನ್ನು ಉಜ್ಜಿ ಅಳಿಸಿದಳು. ಅದಕ್ಕೆ ಅಂಟಿಕೊಂಡಿದ್ದ ಬಾಣಗಳನ್ನೂ ಅಳಿಸಿದಳು. ಮೊದಲ ಸೊನ್ನೆಯಿಂದ ಜೋಡಿ ಗೆರೆಯ ಸೊನ್ನೆಗೆ ನೇರ ಒಂದು ಉದ್ದನೆಯ ಬಾಣ ಎಳೆದು, ಅದರ ಮೇಲೆ ಎ, ಬಿ, ಎ ಎಂದು ಬರೆದು, ಬಿಯ ತಲೆಯ ಮೇಲೆ ಒಂದು ನಕ್ಷತ್ರ ಇಟ್ಟಳು. ಜೋಡಿ ಗೆರೆಯ ಸೊನ್ನೆಯ ನೆತ್ತಿಗೆ ಒಂದು ಗಿರಕಿ ಹಾಕಿ ಅಲ್ಲೂ ಏನೋ ಬರೆದಳು. ಬಸ್ಸಿನ ಹಾರ್ನು ಕೇಳಿಸಿತು. ಓಡಿದಳು.

ಅದಾದ ಸ್ವಲ್ಪ ಹೊತ್ತಿಗೆ ಸಣ್ಣತಿಮ್ಮಯ್ಯ ಹೆಂಡತಿಯನ್ನು ತನ್ನ ಸೊನ್ನೆ ತೋರಿಸಲು ಕರೆದುಕೊಂಡು ಬಂದ.

"ಇಲ್ಲೇ ಇತ್ತು ಕಣೇ," ಎಂದ. ಕಣದ ನಡುವೆ ಒದ್ದೆ ಜಾಗ ಇನ್ನೂ ಆರಿರಲಿಲ್ಲ. ಶ್ರೀರಂಗಯ್ಯನವರ ತೋಟದಿಂದ ಬೋರಿಗೆ ಸೀದಾ ಒಂದು ಬಾಣ. ನಡುವೆ ಯಾರೂ ಇಲ್ಲ. "ಭಾವಾ! ಎಲ್ಲಿ ನಂದು?"

ಶ್ರೀರಂಗಯ್ಯನವರು ಹಲ್ಲುಜ್ಜುತ್ತಾ ಹೊರಗೆ ಬಂದರು. ಕಣ ನೋಡಿದರು. ಹಲ್ಲುಜ್ಜುವುದನ್ನು ನಿಲ್ಲಿಸಿದರು.

"ನಾನು ಇದ್ದೀನಾ ಇಲ್ವಾ ಈ ಪ್ಲಾನ್‌ನಾಗೆ? ಅದನ್ನ ಹೇಳು!" ಎಂದ ಸಣ್ಣತಿಮ್ಮಯ್ಯ.

"ಅಯ್ಯೋ, ಮಗಳಿಗೆ ಫೋನ್ ಮಾಡ್ ಕೇಳಬಾರ್ದೇನ್ರೀ," ಎಂದರು ಶ್ರೀರಂಗಯ್ಯನವರ ಹೆಂಡತಿ ಪುಟ್ಟಗೌರಮ್ಮ ಬಾಗಿಲಿನಿಂದ. ಈ ಹೆಂಗಸು ಯಾವಾಗಲೂ ಸರಿಯಾದ ಮಾತನ್ನೇ ಹೇಳುತ್ತಿದ್ದರು. ಆ ದಿನದ ಅನಾಹುತಕ್ಕೆ ಅದೂ ಒಂದು ಕಾರಣ.

ಶ್ರೀರಂಗಯ್ಯನವರ ಫೋನು ಅವರು ಒಮ್ಮೆ ಅದರ ಮೇಲೆ ಕೂತಾಗಿನಿಂದ ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುತ್ತಿತ್ತು. "ಮಗಾ, ಆ ನಡುಗಡೆ ಸೊನ್ನೆ ಎಲ್ಲೋಯ್ತವ್ವ?" ಎಂದು ಕೇಳಿದರು. ಬಸ್ಸಿನ ಗದ್ದಲದೊಳಗಿಂದ ಮಗಳ ದನಿ ಕಣಕ್ಕೆಲ್ಲ ಕೇಳುವಂತೆ ಬಂತು. "ಅದನ್ನ ತೆಗ್ದಾಕ್ದೆ ಅಪ್ಪ. ಅದಿಲ್ದಿದ್ರೂ ಎಲ್ಲಾ ನಡೀತದೆ. ಅದನ್ನೇ ತೋರ್ಸ್ಬೇಕಾಗಿರೋದು. ಸಂಜೆ ಬಂದು ಉಳಿದಿದ್ದನ್ನ..." ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಸಿದ್ದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅದಿಲ್ದಿದ್ರೂ ಎಲ್ಲಾ ನಡೀತದೆ," ಎಂದು ಸಣ್ಣತಿಮ್ಮಯ್ಯ ನಿಧಾನವಾಗಿ ಹೇಳಿದ. "ಕೇಳಿಸ್ಕಂಡ್ಯೇನೇ? ನಾವು ಇಲ್ದಿದ್ರೂ ನಡೀತದಂತೆ."

ಈಗಲಾದರೂ ಶ್ರೀರಂಗಯ್ಯನವರು, ಇದರ ತಲೆಬುಡ ನನಗೆ ತಿಳಿಯದು ಎಂದು ಒಪ್ಪಿಕೊಳ್ಳಬಹುದಿತ್ತು. ಬಾಯಿ ತೆರೆದರು. "ಟೆಂಪರ್‌ವರಿ ಕಣೋ," ಎಂದರು.

"ಅಪ್ಪ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದ್ದು ಕಣಣ್ಣ," ಎಂದಳು ಸಿದ್ದಮ್ಮ. "ಒದ್ದೆಬಟ್ಟೇಲಿ ಒರೆಸಾಕ್ಬುಟ್ರಲ್ಲ." ಗಂಡಹೆಂಡತಿ ಇಬ್ಬರೂ ತಿರುಗಿ ನೋಡದೆ ಹೋದರು.

ಆ ದಿನ ನೀರಿನ ಸರದಿ ಸಣ್ಣತಿಮ್ಮಯ್ಯನದು. ಕರೆಂಟು ಬಂತು, ಮೋಟಾರು ಮಾತ್ರ ಸದ್ದು ಮಾಡಲಿಲ್ಲ. ಶ್ರೀರಂಗಯ್ಯನವರು ಹೋಗಿ ನೋಡಿದರೆ ಸ್ಟಾರ್ಟರ್ ಡಬ್ಬಿ ಬಾಯಿ ತೆರೆದುಕೊಂಡಿದೆ, ಫ್ಯೂಸು ಇಲ್ಲ. ತನಗಿಲ್ಲದ ನೀರು ಯಾರಿಗೂ ಬೇಡವೆಂದು ಭಾವಮೈದ ಅದನ್ನು ಕಿತ್ತು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬೈಕ್ ಹತ್ತಿ ಎಲ್ಲಿಗೋ ಹೋದನೆಂದು ದಾರಿಹೋಕರು ಹೇಳಿದರು.

ಮನೆಗೆ ಬಂದರೆ ಪುಟ್ಟಗೌರಮ್ಮ ಜಗಲಿಯ ಮೇಲೆ ಒಂದು ಸ್ಟೀಲ್ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದರು. ಹೋದ ವಾರ ಹುಳಿಯನ್ನ ಹಾಕಿ ನಾದಿನಿಗೆ ಕೊಟ್ಟಿದ್ದ ಡಬ್ಬಿ. "ಬರೀದು ವಾಪಸ್ ಕಳ್ಸವ್ಳೆ ಕಣ್ರೀ," ಎಂದರು. "ಒಂದು ಚೂರು ಬೆಲ್ಲ ಇಲ್ಲ, ಒಂದು ಎಲೆ ಕೊತ್ತಂಬ್ರಿ ಇಲ್ಲ. ತೊಳ್ದು, ಒರೆಸಿ, ಬರೀದು."

ಆ ಕಡೆ ಯಾವ ಮನೆಯ ಪಾತ್ರೆಯೂ ಬರಿದಾಗಿ ವಾಪಸ್ ಹೋದದ್ದಿಲ್ಲ. ಸಾವಿನ ಮನೆಯಿಂದ ಹೋದರೂ ತಳದಲ್ಲಿ ಒಂದು ಚಿಟಿಕೆ ಏನಾದರೂ ಇರುತ್ತದೆ. ಶ್ರೀರಂಗಯ್ಯನವರು ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದರು. ಅವರದೇ ಮುಖ ಕಂಡಿತು. ತಂಗಿಯ ಮನೆ ತಪ್ಪಿಹೋಯಿತೆನ್ನಿಸಿ ಮುಚ್ಚಳವನ್ನು ಮೆಲ್ಲಗೆ ಮುಚ್ಚಿಟ್ಟರು.

ನಂಟು ತಪ್ಪಿದರೂ ಮೋಟಾರು ಓಡಬೇಕಲ್ಲ. ತಿಪಟೂರಿನಿಂದ ಮೆಹಬೂಬ್ ಪಾಷಾನನ್ನು ಕರೆಸಿದರು. ಪಾಷಾ ಬೋರ್ ಮೋಟಾರುಗಳ ರಿಪೇರಿಯವನು. ಸುಟ್ಟ ಮೋಟಾರನ್ನು ದೂರದಿಂದ ಮೂಸಿಯೇ ಗುರುತಿಸುತ್ತೇನೆಂದು ಹೇಳಿಕೊಳ್ಳುವವನು. ಹೊಸ ಫ್ಯೂಸು ತಂದವನು ಕಣದ ಅಂಚಿಗೆ ಬಂದು ಗಕ್ಕನೆ ನಿಂತ. ಚಪ್ಪಲಿ ಬಿಟ್ಟ. ಕನ್ನಡಕ ಹಾಕಿಕೊಂಡ. ಸೊನ್ನೆಗಳನ್ನು ಒಂದೊಂದಾಗಿ ನೋಡಿದ.

"ಯಜಮಾನ್ರೆ, ಈ ಕನೆಕ್ಷನ್ ಹೇಳಿದ್ದು ಯಾರು ನಿಮ್ಗೆ?"

"ಯಾಕೆ ಪಾಷಾ?"

"ಲೈನು ಗಾಳಿಯಿಂದ ಬರ್ತಾ ಐತೆ. ಕಂಬ ಇಲ್ಲ, ಮೀಟ್ರು ಇಲ್ಲ. ಹೋಗ್ಲಿ ಅಂದ್ರೆ ಅರ್ತಿಂಗ್ ಕೂಡ ಇಲ್ಲ. ಅರೆ, ಇಲ್ಲಿ ನೋಡಿ, ಔಟ್‌ಪುಟ್ ವಯರು ತಿರುಗಿ ತನ್ ತಲೆಗೇ ಬಂದು ಕೂತೈತೆ! ಸ್ವಿಚ್ ಹಾಕಿದ್ ತಕ್ಷಣ ಶಾರ್ಟು. ಮೋಟ್ರೂ ಹೋಯ್ತು, ಹಾಕಿದವನೂ ಹೋದ. ನಾನು ಇದ್ರ ಮೇಲೆ ಕೈ ಇಡಲ್ಲ. ಮನೇಲಿ ಮಕ್ಕಳವ್ರೆ."

"ಇದು ನೀರಿನ ಪ್ಲಾನು ಪಾಷಾ."

"ನೀರಿಗೆ ಎ, ಬಿ ಫೇಸ್ ಯಾಕೆ ಯಜಮಾನ್ರೆ? ಸಿ ಫೇಸ್ ಎಲ್ಲಿ?"

ಇದಕ್ಕೆ ಶ್ರೀರಂಗಯ್ಯನವರ ಬಳಿ ಉತ್ತರವಿರಲಿಲ್ಲ. ಆದ್ದರಿಂದ ಉತ್ತರ ಕೊಟ್ಟರು. "ಸಿ ಫೇಸು ಸಂಜೆ ಬತ್ತದೆ."

ಪಾಷಾ ಫ್ಯೂಸನ್ನು ಚೀಲದೊಳಗೆ ಹಾಕಿಕೊಂಡು ಜಗಲಿಯ ಮೇಲೆ ಕೂತ. ಸಿ ಫೇಸು ಹೇಗೆ ಬರುತ್ತದೋ ನೋಡಿಯೇ ಹೋಗುತ್ತೇನೆ ಎಂದ. ಪುಟ್ಟಗೌರಮ್ಮ ಟೀ ಕೊಟ್ಟರು. ಶ್ರೀರಂಗಯ್ಯನವರ ತಲೆಯೊಳಗೆ ಪಾತಿ, ಬೋರು, ರೀಚಾರ್ಜು, ಫೇಸು ಎಲ್ಲವೂ ಕಲಸಿಕೊಂಡು ಯಾವುದು ತಾವು ಹೇಳಿದ್ದು, ಯಾವುದು ನಿಜ ಎನ್ನುವುದೇ ತಿಳಿಯದಾಯಿತು. ನಿಜವಾಗಿಯೂ ಭಾವಮೈದನನ್ನು ತೆಗೆದುಹಾಕಬೇಕೆಂದು ತಾವೇ ಯಾವತ್ತಾದರೂ ಮಗಳಿಗೆ ಹೇಳಿದ್ದುಂಟೇ ಎಂದು ಯೋಚಿಸಿದರು. ಹೇಳಿರಲಿಲ್ಲ. ಹೇಳಿರಲಾರರು. ಹೇಳಿದ್ದರೆ?

ಬಿಸಿಲು ಇಳಿಯುವ ಹೊತ್ತಿಗೆ ಸಣ್ಣತಿಮ್ಮಯ್ಯನ ಬೈಕು ಬಂತು. ಹಿಂದಿನ ಸೀಟಿನಲ್ಲಿ ಕಂಕುಳಲ್ಲಿ ಫೈಲು ಇಟ್ಟುಕೊಂಡ ರವಿಕಿರಣ್. ಊರಿಗೆ ಹೊಸದಾಗಿ ಬಂದ ಗ್ರಾಮ ಆಡಳಿತಾಧಿಕಾರಿ, ಮೊನ್ನೆಮೊನ್ನೆ ಕೆಲಸಕ್ಕೆ ಸೇರಿದ ಹುಡುಗ. ಯಾವ ದೂರನ್ನೂ ಚಿಕ್ಕದೆಂದು ತಳ್ಳಿಹಾಕಬಾರದೆಂದು ತರಬೇತಿಯಲ್ಲಿ ಅವನಿಗೆ ಹೇಳಿಕೊಟ್ಟಿದ್ದರು.

"ದೂರು ಬಂದಿದೆ," ಎಂದು ಅವನು ಗಂಭೀರವಾಗಿ ಓದಿದ. "ಅರ್ಜಿದಾರರ ಸೊನ್ನೆಯನ್ನು ಎದುರುದಾರರು ದುರುದ್ದೇಶದಿಂದ ಒದ್ದೆಬಟ್ಟೆಯಲ್ಲಿ ಅಳಿಸಿರುತ್ತಾರೆ. ಹೌದಾ?"

"ಮಗಳು ಅಳಿಸಿದ್ದು ಸಾರ್."

"ಸ್ಥಳ ಮಹಜರು ಮಾಡ್ತೀನಿ. ಉತ್ತರ ದಿಕ್ಕು ಯಾವುದು?"

ಶ್ರೀರಂಗಯ್ಯನವರು ಕೂಡಲೇ ದನದ ಕೊಟ್ಟಿಗೆಯ ಕಡೆ ಕೈ ತೋರಿಸಿದರು. ಸೂರ್ಯ ಅಲ್ಲೇ ಮುಳುಗುತ್ತಿದ್ದ. ರವಿಕಿರಣ್ ಬರೆದುಕೊಂಡ. ಕೊಬ್ಬರಿ ಅಟ್ಟದ ಏಣಿ ಹತ್ತಿ ಮೇಲಿನಿಂದ ಫೋಟೋ ತೆಗೆದ. ಇಳಿದು ಬಂದು, "ಎ ಪಾರ್ಟಿ ಯಾರು, ಬಿ ಪಾರ್ಟಿ ಯಾರು?" ಎಂದ.

"ನಾನು ಎ ಪಾರ್ಟಿ," ಎಂದ ಸಣ್ಣತಿಮ್ಮಯ್ಯ, "ದೂರು ಕೊಟ್ಟೋನು ನಾನು."

"ಹಂಗಾದ್ರೆ ಬಾಣದ ಮೇಲೆ ಎ ಎರಡು ಸಲ ಇದೆಯಲ್ಲ. ನಿಮ್ಮ ಪಾಲು ಇನ್ನೂ ಇದೆ ಅಂತ ಆಯ್ತು. ಬಿ ಪಾರ್ಟಿ ಮೇಲೆ ನಕ್ಷತ್ರ ಇದೆ." ರವಿಕಿರಣ್ ದನಿ ತಗ್ಗಿಸಿದ. "ನಕ್ಷತ್ರ ಅಂದ್ರೆ ಷರತ್ತುಗಳು ಅನ್ವಯ. ಆ ಷರತ್ತು ಎಲ್ಲಿ ಬರೆದಿದೆ ತೋರ್ಸಿ."

ಷರತ್ತಿಗಾಗಿ ಎಲ್ಲರೂ ಕಣದ ಮೂಲೆಮೂಲೆ ಹುಡುಕಿದರು. ಪಾಷಾ ಕೂಡ ಬಗ್ಗಿ ನೋಡಿದ. ಸಿಗಲಿಲ್ಲ.

"ಷರತ್ತು ಇಲ್ಲದ್ದು ಅಪಾಯ," ಎಂದ ರವಿಕಿರಣ್. "ಒಂದು ಕೆಲಸ ಮಾಡಣ. ಬೋರು ಯಾರದು, ನೀರು ಯಾರಿಗೆ ಅಂತ ಈಗಲೇ ಕಾಗದ ಮಾಡಿ ಇಬ್ರೂ ಸೈನ್ ಹಾಕಿಬಿಡಿ. ಮುಂದೆ ಕೋರ್ಟಿಗೆ ಹೋಗೋಕೂ ಅನುಕೂಲ."

ಕಾಗದ ಎನ್ನುವ ಮಾತು ಬಿದ್ದದ್ದೇ ಇಬ್ಬರ ಮುಖವೂ ಕಪ್ಪಿಟ್ಟಿತು. ಸಣ್ಣತಿಮ್ಮಯ್ಯ ಸಿಟ್ಟಿನಲ್ಲಿ ಕಚೇರಿಗೆ ಹೋಗಿದ್ದನೇ ಹೊರತು ಕೋರ್ಟನ್ನು ನೆನೆದವನಲ್ಲ. ಆದರೆ ಬೈಕಿನಲ್ಲಿ ಕೂರಿಸಿಕೊಂಡು ಬಂದ ಅಧಿಕಾರಿಯನ್ನು ವಾಪಸ್ ಕಳಿಸುವುದಕ್ಕೆ ಅವನಿಗೆ ನಾಚಿಕೆ. ಬೇಡ ಎನ್ನುವುದಕ್ಕೆ ಶ್ರೀರಂಗಯ್ಯನವರಿಗೆ ಬಾಯಿ ಬರಲಿಲ್ಲ. ಸಿದ್ದಮ್ಮ ಬೇಲಿಯ ಆಚೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ರವಿಕಿರಣ್ ಪೆನ್ನಿನ ಮುಚ್ಚಳ ತೆಗೆದ.

ಅಷ್ಟರಲ್ಲಿ ಸಂಜೆಯ ಬಸ್ಸು ಬಂತು. ಸುಷ್ಮಿತಾ ಬ್ಯಾಗು ತೂಗುಹಾಕಿಕೊಂಡು ಬಂದವಳು ಜನ ನೋಡಿ ಗಾಬರಿಯಾದಳು. "ಯಾರಿಗೇನಾಯ್ತು?"

"ನಂಗಾಯ್ತು," ಎಂದ ಸಣ್ಣತಿಮ್ಮಯ್ಯ. "ನನ್ ಸೊನ್ನೆ ಯಾಕವ್ವ ತೆಗ್ದೆ?"

ಎಲ್ಲರೂ ಒಟ್ಟಿಗೇ ಮಾತಾಡಿದರು. ನೀರು, ಫೇಸು, ಪಾರ್ಟಿ, ಷರತ್ತು ಎಲ್ಲವೂ ಅವಳ ಕಿವಿಗೆ ಬಿದ್ದವು. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಕೊಟ್ಟಿಗೆಯ ಕಡೆ ನೋಡಿದರು.

"ಇದು ತೋಟ ಅಲ್ಲ ಮಾವ," ಎಂದಳು. "ಇದೊಂದು ಯಂತ್ರದ ಚಿತ್ರ. ಅದೂ ಲೆಕ್ಕದ ಯಂತ್ರ. ಒಂದೊಂದೇ ಅಕ್ಷರ ಕೊಡ್ತಾ ಹೋದ್ರೆ ಈ ಸೊನ್ನೆಯಿಂದ ಆ ಸೊನ್ನೆಗೆ ಹೋಗ್ತದೆ. ಅಕ್ಷರ ಮುಗಿದಾಗ ಜೋಡಿ ಗೆರೇಲಿದ್ರೆ ಪಾಸು, ಇಲ್ದಿದ್ರೆ ಫೇಲು. ಈ ಚಿತ್ರವನ್ನೇ ಒಂದು ಸಾಲಿನಲ್ಲಿ ಬರೆಯೋದು ಹೆಂಗೆ ಅನ್ನೋದು ನಮ್ ಪಾಠ."

"ಯಂತ್ರ ಎಲ್ಲೈತೆ?" ಎಂದ ಪಾಷಾ.

"ಇಲ್ಲ. ಚಿತ್ರ ಅಷ್ಟೇ."

ಪಾಷಾ ಮತ್ತೆ ಕೂತ. ಯಾರಿಗೂ ಏನೂ ಅರ್ಥವಾಗಲಿಲ್ಲ. ಕಾಲೇಜಿನ ಹುಡುಗರ ಕಣ್ಣಿನಲ್ಲಿ ದಿನಾ ನೋಡುವ ಅದೇ ನೋಟವನ್ನು ಸುಷ್ಮಿತಾ ಇಲ್ಲಿಯೂ ನೋಡಿದಳು. ಅವಳಿಗೆ ರೇಗಿತು. ಸೀಮೆಸುಣ್ಣ ತಂದು, ಬೆಳಿಗ್ಗೆ ಎಳೆದಿದ್ದ ಉದ್ದ ಬಾಣವನ್ನೂ ಗಿರಕಿಯನ್ನೂ ಅಳಿಸಿ, ತೆಗೆದುಹಾಕಿದ್ದ ಸೊನ್ನೆಯನ್ನು, ಅದರ ಬಾಣಗಳ ಸಮೇತ, ಇದ್ದ ಹಾಗೇ ಮತ್ತೆ ಬರೆದಳು.

"ಅಪ್ಪ, ನೀವು ಮೊದಲನೇದ್ರಲ್ಲಿ ನಿಂತ್ಕೊಳ್ಳಿ. ಮಾವ, ನೀವು ನಡುಗಡೆ. ಪಾಷಣ್ಣ, ನೀವು ಜೋಡಿ ಗೆರೇಲಿ. ಸಾರ್, ನೀವು ಅಪ್ಪನ ಹತ್ರದಿಂದ ಹೊರಡಿ. ನಾನು ಎ ಅಂದ್ರೆ ಎ ಬಾಣದ ಮೇಲೆ, ಬಿ ಅಂದ್ರೆ ಬಿ ಬಾಣದ ಮೇಲೆ."

ಮೇಡಮ್ಮನ ದನಿಯಲ್ಲಿ ಹೇಳಿದ್ದರಿಂದ ಎಲ್ಲರೂ ನಿಂತರು. "ಎ!" ರವಿಕಿರಣ್ ಫೈಲು ಹಿಡಿದು ಸಣ್ಣತಿಮ್ಮಯ್ಯನ ಬಳಿಗೆ ನಡೆದ. "ಬಿ!" ಸಣ್ಣತಿಮ್ಮಯ್ಯನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಅಲ್ಲೇ ನಿಂತ. "ಬಿ! ಬಿ!" ಮತ್ತೆರಡು ಪ್ರದಕ್ಷಿಣೆ. ಸರ್ಕಾರಿ ಅಧಿಕಾರಿಯೊಬ್ಬ ತನ್ನನ್ನು ಸುತ್ತುವುದನ್ನು ಸಣ್ಣತಿಮ್ಮಯ್ಯ ಜನ್ಮದಲ್ಲಿ ಕಂಡಿರಲಿಲ್ಲ. "ಎ!" ಪಾಷಾನ ಬಳಿ. "ಬಿ!" ವಾಪಸ್ ಸಣ್ಣತಿಮ್ಮಯ್ಯನ ಬಳಿಗೇ. ಅವನ ಎದೆ ಸ್ವಲ್ಪ ಸ್ವಲ್ಪವೇ ಮುಂದೆ ಬರತೊಡಗಿತು.

"ಈಗ ಪಾಠ," ಎಂದಳು ಸುಷ್ಮಿತಾ. "ಮಾವ, ಸೊನ್ನೆಯಿಂದ ಆಚೆ ಬನ್ನಿ."

"ಬರಾಕಿಲ್ಲ."

"ಬರ್ಲೇಬೇಕು ಮಾವ."

"ಬರಬ್ಯಾಡಿ ಕಣ್ರೀ!" ಎಂದು ಸಿದ್ದಮ್ಮ ಬೇಲಿಯ ಆಚೆಯಿಂದ ಕೂಗಿದಳು.

"ಅಯ್ಯೋ, ನಿಮ್ಮನ್ನ ತೆಗೆದ್ರೂ ನಿಮ್ಮ ಮೂಲಕ ಹೋಗ್ತಿದ್ದ ಒಂದು ದಾರೀನೂ ತಪ್ಪಬಾರ್ದು. ಅದೇ ನಿಯಮ. ನೀವು ಮಾಡ್ತಿದ್ದ ಕೆಲ್ಸ ಅಷ್ಟನ್ನೂ ಬಾಣದ ಮೇಲೆ ಬರೀಬೇಕು. ನೋಡಿ." ಅವಳು ಅಪ್ಪನಿಂದ ಪಾಷಾನವರೆಗೆ ಗೆರೆ ಎಳೆದಳು. "ಮೊದಲನೇ ಎ, ನಿಮ್ಮ ಹತ್ರ ಬಂದಿದ್ದು. ಬಿ ಮೇಲೆ ನಕ್ಷತ್ರ, ನಿಮ್ಮನ್ನ ಸುತ್ತಿದ್ದು. ಎಷ್ಟು ಸಲ ಬೇಕಾದ್ರೂ ಸುತ್ತಬಹುದು, ಸುತ್ತದೇನೂ ಇರಬಹುದು. ಕೊನೇ ಎ, ನಿಮ್ಮಿಂದ ಮುಂದಕ್ಕೆ ಹೋಗಿದ್ದು."

"ಆ ನಕ್ಷತ್ರ ನಂದಾ?"

"ನಿಮ್ದೇ. ಇನ್ನೂ ಮುಗೀಲಿಲ್ಲ. ಪಾಷಣ್ಣನಿಂದ ನಿಮ್ಮ ಹತ್ರ ವಾಪಸ್ ಬಂದು ಹೋಗ್ತಿದ್ರಲ್ಲ, ಅದಕ್ಕೆ ಒಂದು ಬಿ, ಮತ್ತೆ ನಿಮ್ಮ ಸುತ್ತಿನ ಬಿ ನಕ್ಷತ್ರ, ಆಮೇಲೆ ಎ. ಅದೂ ಎಷ್ಟು ಸಲ ಬೇಕಾದ್ರೂ ಆಗಬಹುದು, ಅದಕ್ಕೇ ಇಷ್ಟಕ್ಕೂ ಒಂದು ಕಂಸ, ಕಂಸದ ಮೇಲೆ ಇನ್ನೊಂದು ನಕ್ಷತ್ರ." ಎಲ್ಲವನ್ನೂ ಒಂದು ಸಾಲಿನಲ್ಲಿ ಬರೆಯುತ್ತಾ ಅವಳು ಹಿಂದಕ್ಕೆ ಸರಿದಳು. ಸಾಲು ಕಣವನ್ನು ದಾಟಿ ದನದ ತೊಟ್ಟಿಯ ಬಳಿ ನಿಂತಿತು.

ಸಣ್ಣತಿಮ್ಮಯ್ಯ ಸೊನ್ನೆಯಿಂದ ತಾನಾಗಿಯೇ ಆಚೆ ಬಂದು ಆ ಸಾಲಿನ ಉದ್ದಕ್ಕೂ ನಡೆದ. ತೊಟ್ಟಿ ಮುಟ್ಟಿ ವಾಪಸ್ ಬಂದ. "ನನ್ನೊಬ್ಬನ್ನ ತೆಗೆಯಾಕೆ ಇಷ್ಟುದ್ದ ಬರೀಬೇಕಾ?"

"ಹೂಂ ಮಾವ. ನೀವು ಇದ್ರೆ ಒಂದು ಸೊನ್ನೆ. ತೆಗೆದ್ರೆ ಇಷ್ಟು. ಇನ್ನೂ ನಾಲ್ಕು ಜನ ಇದ್ದು ಎಲ್ರನ್ನೂ ತೆಗೆದಿದ್ರೆ ಈ ಊರಿನ ಕಣ ಸಾಲ್ತಿರ್ಲಿಲ್ಲ."

"ಕೇಳಿಸ್ಕಂಡ್ಯೇನೇ!" ಎಂದು ಅವನು ಬೇಲಿಯ ಕಡೆಗೆ ತಿರುಗಿ ಕೂಗಿದ.

ರವಿಕಿರಣ್ ಬೆವರು ಒರೆಸಿಕೊಂಡ. "ಎಲ್ಲಾ ಸರಿ. ಆದ್ರೆ ದೂರು ದಾಖಲಾಗಿದೆ. ನಾನು ಏನಾದ್ರೂ ಬರ್ಕೊಂಡು ಹೋಗ್ಲೇಬೇಕು. ನೀರು ಹಂಚ್ಕೊಳ್ಳೋ ಕ್ರಮ ಒಂದು ಸಾಲಲ್ಲಿ ಹೇಳಿ."

"ದಿನ ಬಿಟ್ಟು ದಿನ," ಎಂದರು ಶ್ರೀರಂಗಯ್ಯನವರು. ಇದೊಂದು ಅವರಿಗೆ ನಿಜವಾಗಿಯೂ ಗೊತ್ತಿತ್ತು.

"ಕರೆಂಟ್ ಬಂದ ದಿನ ಮಾತ್ರ ಲೆಕ್ಕ," ಎಂದ ಸಣ್ಣತಿಮ್ಮಯ್ಯ.

"ಅರ್ಧಕ್ಕೆ ಕರೆಂಟ್ ಹೋದ್ರೆ?" ಎಂದ ರವಿಕಿರಣ್.

"ಯಾರ ಸರದಿಯೋ ಮಾರ್ನೇ ದಿನವೂ ಅವಂದೇ."

"ಅವತ್ತೂ ಹೋದ್ರೆ?"

"ಅದ್ರ ಮಾರ್ನೇ ದಿನವೂ ಅವಂದೇ."

"ಎಷ್ಟು ದಿನ ಹಿಂಗೆ?"

"ಎಷ್ಟು ದಿನ ಆದ್ರೂ," ಎಂದರು ಇಬ್ಬರೂ.

"ಅಲ್ಲೊಂದು ನಕ್ಷತ್ರ ಹಾಕ್ಕೊಳ್ಳಿ ಸಾರ್," ಎಂದಳು ಸುಷ್ಮಿತಾ.

"ಹೊಸ ಸಸಿ ಇಟ್ಟೋರಿಗೆ ಮೊದ್ಲು," ಎಂದರು ಪುಟ್ಟಗೌರಮ್ಮ.

"ಮನೇಗೆ ನೆಂಟರು ಬಂದ್ರೆ ಸರದಿ ಬಿಡಬೇಕು," ಎಂದು ಸಿದ್ದಮ್ಮ ಬೇಲಿ ದಾಟಿ ಈಚೆಗೆ ಬಂದಳು. "ಎರಡೂ ಮನೇಗೆ ಬಂದ್ರೆ ಅತ್ತಿಗೇಗೆ ಬಿಡಬೇಕು. ಅವ್ರದ್ದು ದೊಡ್ಡಡುಗೆ."

"ನಿಂಗೇ ಬಿಡ್ತೀನಿ ಕಣೇ, ನಿನ್ ಮಗುಗೆ ಜ್ವರ ಇದ್ದಾಗ ಬಿಟ್ಟಿರ್ಲಿಲ್ವಾ?" ಎಂದರು ಪುಟ್ಟಗೌರಮ್ಮ.

"ಅದನ್ನೂ ಬರ್ಕೊಳ್ಳಿ ಸಾರ್, ಜ್ವರ," ಎಂದಳು ಸಿದ್ದಮ್ಮ.

ರವಿಕಿರಣ್ ಬರೆದ. ಹಾಳೆಯ ಈ ಮಗ್ಗುಲು ತುಂಬಿತು, ಆ ಮಗ್ಗುಲು ತುಂಬಿತು. ಅಂಚಿನಲ್ಲಿ ಬರೆದ, ಮೇಲೆ ಬರೆದ, ಕೆಳಗೆ ಬರೆದ. ಮೋಟಾರು ಸುಟ್ಟ ದಿನದ ಲೆಕ್ಕ ಯಾರದು ಎಂದು ಪಾಷಾ ಒಂದು ಹೊಸ ಪ್ರಶ್ನೆ ಎತ್ತಿದಾಗ ಪೆನ್ನು ಕೆಳಗಿಟ್ಟು ದೀನನಾಗಿ ಎಲ್ಲರ ಮುಖ ನೋಡಿದ.

"ಬುಡಿ ಸ್ವಾಮಿ," ಎಂದ ಸಣ್ಣತಿಮ್ಮಯ್ಯ. ಕಣಕ್ಕೆ ಹೋಗಿ ತನ್ನ ಸೊನ್ನೆಯೊಳಗೆ ನಿಂತ. "ನಾನಿಲ್ಲಿ, ಭಾವ ಅಲ್ಲಿ ನಿಂತಿದ್ರೆ ಇದೆಲ್ಲ ಬರೆಯಾದೇ ಬ್ಯಾಡ. ಹರಿದಾಕಿ ಅದನ್ನ."

"ದೂರಿಗೆ ಏನಂತ ಹಾಕ್ಲಿ ಹಂಗಾದ್ರೆ?"

"ಕಳೆದೋಗಿದ್ದ ಸೊನ್ನೆ ಸಿಕ್ತು ಅಂತ ಹಾಕಿ."

ರವಿಕಿರಣ್ ಹಾಗೆಯೇ ಬರೆದುಕೊಂಡ. ಸಣ್ಣತಿಮ್ಮಯ್ಯ ಅಂಗಿಯ ಜೇಬು ತಡವಿ ಫ್ಯೂಸು ತೆಗೆದು ಯಾರಿಗೂ ಏನೂ ಹೇಳದೆ ಗಡಿಯ ಕಡೆಗೆ ನಡೆದ. ಶ್ರೀರಂಗಯ್ಯನವರು ಚಪ್ಪಲಿಯನ್ನೂ ಮೆಟ್ಟದೆ ಅವನ ಹಿಂದೆ ಹೋದರು. ಕರೆಂಟು ಇನ್ನೂ ಇತ್ತು. ಮೋಟಾರು ಒಮ್ಮೆ ಗೊಣಗಿ ಹಿಡಿದುಕೊಂಡಿತು. ಸಣ್ಣತಿಮ್ಮಯ್ಯ ಬಗ್ಗಿ ವಾಲ್ವು ತಿರುಗಿಸಿದ. ನೀರು ಬುಸುಗುಟ್ಟುತ್ತಾ ಬಂದು ಶ್ರೀರಂಗಯ್ಯನವರ ತೋಟದ ಮೊದಲ ಪಾತಿಗೆ ಬಿತ್ತು.

ಶ್ರೀರಂಗಯ್ಯನವರು ಗಲಿಬಿಲಿಗೊಂಡು ನೀರನ್ನೂ ಅವನನ್ನೂ ನೋಡಿದರು. "ಇವತ್ತು ಸರದಿ ನಿಂದಲ್ವೇನೋ?"

"ನಂದೇ ಭಾವ," ಎಂದ ಸಣ್ಣತಿಮ್ಮಯ್ಯ. "ಅದ್ಕೇ ನಿನ್ ಕಡೆ ತಿರುಗ್ಸಿವ್ನಿ."